ಹಸುಗೂಸಿನ ಮೂಗು ಕಟ್ಟಿದಾಗ: ಮೊದಲು ನೆನೆಸಿ, ಆಮೇಲೆ ತೆಗೆಯಿರಿ

ಮಂಗಳೂರು, ಉಡುಪಿ ಕಡೆ ಮಳೆ ಹಿಡಿಯಿತೆಂದರೆ ಶಾಲೆಗೆ ಹೋಗುವ ಮಕ್ಕಳು ಮನೆಗೆ ಶೀತ ತರುತ್ತಾರೆ. ನಾಲ್ಕು ದಿನ ಕಳೆಯುವುದರೊಳಗೆ ತೊಟ್ಟಿಲಿನ ಮಗುವಿಗೂ ಮೂಗು ಕಟ್ಟುತ್ತದೆ. ಮೊದಲ ಕೆಲವು ತಿಂಗಳು ಮಕ್ಕಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ. ಹಾಲು ಕುಡಿಯುವಾಗ ಬಾಯಿಗೆ ಬಿಡುವಿಲ್ಲ, ಮೂಗೂ ಕಟ್ಟಿದ್ದರೆ ಮಗು ಎರಡು ಗುಟುಕಿಗೊಮ್ಮೆ ಮೊಲೆ ಬಿಟ್ಟು ಅಳುತ್ತದೆ. ಹಾಗಾಗಿ ಮೂಗು ಬಿಡಿಸಲು ಸರಿಯಾದ ಹೊತ್ತು ಹಾಲು ಕುಡಿಸುವ ಹತ್ತು ಹದಿನೈದು ನಿಮಿಷ ಮೊದಲು, ಇಲ್ಲವೇ ಮಲಗಿಸುವ ಮೊದಲು. ಕುಡಿದ ಕೂಡಲೇ ಮಾಡಿದರೆ ಕಕ್ಕುತ್ತದೆ. ಗೊರಗೊರ ಸದ್ದಿದ್ದರೂ ಮಗು ಚೆನ್ನಾಗಿ ಕುಡಿದು ನಿದ್ದೆ ಮಾಡುತ್ತಿದ್ದರೆ ಮೂಗಿನ ಸುದ್ದಿಗೇ ಹೋಗಬೇಡಿ, ಎಷ್ಟೋ ಸಲ ಸೀನಿನಲ್ಲೇ ಅದು ಬಿಡುತ್ತದೆ.

ಮೆಡಿಕಲ್‌ನಲ್ಲಿ ಕೇಳಬೇಕಾದದ್ದು ಸಲೈನ್, ಅಂದರೆ ಹದವಾದ ಉಪ್ಪುನೀರಿನ ಮೂಗಿನ ಹನಿ. ಬಾಟಲಿ ತೆಗೆದುಕೊಳ್ಳುವ ಮೊದಲು ಲೇಬಲ್ ಓದಿ: ಸೋಡಿಯಂ ಕ್ಲೋರೈಡ್ 0.65% ಅಥವಾ 0.9% ಎಂದಿರಬೇಕು. ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಎಂದಿದ್ದರೆ ಅದು ಬೇರೆಯೇ ಔಷಧ. ಹಸುಗೂಸಿನಲ್ಲಿ ಅದು ಉಸಿರನ್ನೂ ಹೃದಯದ ಬಡಿತವನ್ನೂ ತಗ್ಗಿಸಬಲ್ಲದು, ವೈದ್ಯರು ಬರೆದುಕೊಡದೆ ಹಾಕಲೇಬಾರದು. ಎರಡೂ ಒಂದೇ ಕಪಾಟಿನಲ್ಲಿ ಪುಟ್ಟ ಬಾಟಲಿಯಲ್ಲೇ ಇರುತ್ತವೆ, ಎಡವಟ್ಟಾಗುವುದು ಅಲ್ಲೇ. ಮನೆಯಲ್ಲಿ ಉಪ್ಪುನೀರು ಮಾಡುವುದು ಬೇಡ, ಉಪ್ಪಿನ ಹದ ತಪ್ಪಿದರೆ ಮೂಗು ಉರಿಯುತ್ತದೆ. ಬಾವಿ ನೀರಂತೂ ಮೂಗಿಗೆ ಬೇಡವೇ ಬೇಡ. ಪಕ್ಕದ ಕೇರಳದಲ್ಲಿ ಮಿದುಳಿಗೆ ಸೋಂಕು ತಂದ ಅಮೀಬಾ ದೇಹ ಹೊಕ್ಕುವುದು ಮೂಗಿನ ದಾರಿಯಿಂದಲೇ.

ಕೈ ಸೋಪು ಹಾಕಿ ತೊಳೆಯಿರಿ. ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಹನಿಯ ತಣ್ಪು ಹೋಗುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಮಡಚಿದ ಬೈರಾಸನ್ನು (ಟವೆಲ್) ಭುಜದ ಕೆಳಗಿಡಿ, ತಲೆ ತುಸು ಹಿಂದಕ್ಕೆ ಬಾಗಲಿ. ಒಂದೊಂದು ಹೊಳ್ಳೆಗೆ ಒಂದು ಅಥವಾ ಎರಡು ಹನಿ ಸಾಕು, ಬಾಟಲಿಯ ತುದಿ ಮೂಗಿಗೆ ತಾಗಬಾರದು. ಆಮೇಲೆ ಒಂದು ನಿಮಿಷ ಕಾಯಿರಿ. ಈ ಒಂದು ನಿಮಿಷವನ್ನು ಬಿಟ್ಟವರೇ ಹೆಚ್ಚು. ಗಟ್ಟಿ ಸಿಂಬಳ ನೆನೆಯದೆ ಎಳೆದರೆ ಬರುವುದಿಲ್ಲ, ಒಳಚರ್ಮ ಕಿತ್ತು ರಕ್ತ ಬರುತ್ತದೆ. ನೆನೆದರೆ ಮಗು ಸೀನಿಯೋ ನುಂಗಿಯೋ ದಾರಿ ಬಿಡುತ್ತದೆ. ನುಂಗಿದರೆ ತೊಂದರೆಯಿಲ್ಲ.

ಇನ್ನೂ ಬಿಡದಿದ್ದರೆ ಮಾತ್ರ ಸಿಂಬಳ ಎಳೆದು ತೆಗೆಯುವ ರಬ್ಬರ್ ಬಲ್ಬ್. ಬಲ್ಬನ್ನು ಒತ್ತಬೇಕಾದದ್ದು ಮೂಗಿನಿಂದ ದೂರ ಹಿಡಿದು. ಒಳಗಿಟ್ಟು ಒತ್ತಿದರೆ ಸಿಂಬಳ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ಒತ್ತಿದ ಹಾಗೆಯೇ ತುದಿಯನ್ನು ಹೊಳ್ಳೆಯ ಬಾಯಿಗಷ್ಟೇ ತಾಗಿಸಿ, ಹೆಬ್ಬೆರಳನ್ನು ನಿಧಾನ ಸಡಿಲಿಸಿ, ಹೊರಗೆ ತೆಗೆದು ಬಟ್ಟೆಗೆ ಒತ್ತಿ ಖಾಲಿ ಮಾಡಿ. ಇನ್ನೊಂದು ಹೊಳ್ಳೆಗೂ ಹಾಗೆಯೇ. ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸಲ. ಮತ್ತೆ ಮತ್ತೆ ಎಳೆದರೆ ಒಳಚರ್ಮವೇ ಬಾತು ಮೂಗು ಕಟ್ಟುತ್ತದೆ, ಆ ಬಾವನ್ನು ಯಾವ ಬಲ್ಬೂ ಎಳೆದು ತೆಗೆಯಲಾರದು. ಹೊಳ್ಳೆಯ ಅಂಚಿನ ಒಣಗಿದ ಹಕ್ಕಳೆಗೆ ಒದ್ದೆ ಬಟ್ಟೆಯ ಮೂಲೆ ಸಾಕು. ಕಿವಿಕಡ್ಡಿ, ಪಿನ್ನು, ಉಗುರು ಒಳಗೆ ಹೋಗಬಾರದು.

ಬಲ್ಬಿಗೆ ಬಿಸಿ ಸೋಪುನೀರು ಎಳೆದು ಬಿಟ್ಟು, ಒಳ್ಳೆಯ ನೀರಿನಲ್ಲಿ ತೊಳೆದು, ತುದಿ ಕೆಳಗಾಗಿ ಇಡಿ. ನಮ್ಮ ಜುಲೈ ತಿಂಗಳ ಹವೆಗೆ ಅದರ ಒಳಭಾಗ ಒಣಗುವುದೇ ಕಷ್ಟ. ಒಳಗೆ ಕಪ್ಪು ಬೂಷ್ಟು ಕಂಡರೆ, ವಾಸನೆ ಬಂದರೆ ಎಸೆಯಿರಿ. ಕೊಳವೆ ಮತ್ತು ಫಿಲ್ಟರ್ ಇರುವ, ನಾವು ಬಾಯಿಯಿಂದ ಎಳೆಯುವ ಬಗೆಯದ್ದನ್ನು ಬಿಚ್ಚಿ ಒಣಗಿಸಬಹುದು. ಮಳೆಗಾಲಕ್ಕೆ ಅದೇ ವಾಸಿ, ಫಿಲ್ಟರನ್ನು ಮಾತ್ರ ಪ್ರತಿಸಲ ಬದಲಿಸಿ.

ಮಗುವನ್ನು ಮೀಯಿಸಲು ಬರುವ ಅಮ್ಮನಿಗೆ ಮೊದಲೇ ಗೌರವದಿಂದ ಹೇಳಿಬಿಡಿ: ಮೂಗಿಗೆ ತೆಂಗಿನೆಣ್ಣೆ ಬಿಡುವುದು ಬೇಡ, ಊದುವುದೂ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ನೆತ್ತಿಗೆ, ಮೈಗೆ ಹಚ್ಚಲು ಅಡ್ಡಿಯಿಲ್ಲ. ಕರ್ಪೂರ ಹಾಕಿ ಕಾಯಿಸಿದ ಎಣ್ಣೆ ಎರಡು ವರ್ಷದೊಳಗಿನ ಮಕ್ಕಳ ಎದೆಗೆ, ಮೂಗಿಗೆ ಬೇಡ, ಕರ್ಪೂರ ಚರ್ಮದಿಂದಲೂ ಒಳಸೇರಿ ಫಿಟ್ಸ್ ತರಬಲ್ಲದು. ಮಿಂದ ಮೇಲಿನ ಧೂಪ, ಸೊಳ್ಳೆಬತ್ತಿಯ ಹೊಗೆ ಮೂಗನ್ನು ಇನ್ನಷ್ಟು ಕಟ್ಟಿಸುತ್ತದೆ. ಬಿಸಿನೀರಿನ ಹಬೆಯಲ್ಲಿ ಸುಟ್ಟುಕೊಳ್ಳುವ ಅಪಾಯವಿದೆ. ಜೇನು ಒಂದು ವರ್ಷದವರೆಗೆ ಕೊಡಬಾರದು. ಶೀತದ ಸಿರಪ್‌ಗಳೂ ಬೇಡ: ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ.

ಮೂಗು ಬಿಡಿಸಿದ ಮೇಲೂ ಉಸಿರು ಕಷ್ಟವೆನಿಸಿದರೆ ಅಂಗಿ ಎತ್ತಿ, ಮಗು ಅಳದೆ ಇರುವಾಗ ಇಡೀ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿನದಕ್ಕೆ 50 ಅಥವಾ ಹೆಚ್ಚು ಬಂದರೆ ಅದು ಬರೀ ಮೂಗಿನ ತೊಂದರೆಯಲ್ಲ. ಪಕ್ಕೆಯ ಕೆಳಭಾಗ ಒಳಕ್ಕೆ ಎಳೆಯುವುದು, ನರಳುವುದು, ಹಾಲು ಕುಡಿಯುವುದನ್ನೇ ಬಿಡುವುದು, ತುಟಿ ನೀಲಿಯಾಗುವುದು, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲೆಂದು ಕಾಯಬೇಡಿ. ಮಂಗಳೂರಿನಲ್ಲಿ ವೆನ್‌ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಇದೆ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮಗುವಿಗೆ ಈವರೆಗೆ ಹಾಕಿದ ಹನಿ, ಕುಡಿಸಿದ ಔಷಧ ಏನಿದ್ದರೂ ಬಾಟಲಿ ಸಮೇತ ತೆಗೆದುಕೊಂಡು ಹೋಗಿ.