ಗಿಟಾರ್ ಕಲಿಕೆ: ಕಾರ್ಡ್ ಬದಲಾಗಲಿ, ತಾಳ ನಿಲ್ಲದಿರಲಿ

ಗಿಟಾರ್ ಕಲಿಯಲು ಹೊರಟವರು ನಡುವೆಯೇ ಕೈಬಿಡುವುದಕ್ಕೆ ಬೆರಳಿನ ನೋವು ಕಾರಣ ಎನ್ನುವ ಮಾತಿದೆ. ನಾನು ಒಪ್ಪುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ನುಡಿಸಿದರೆ ಕೆಲವೇ ವಾರಗಳಲ್ಲಿ ಬೆರಳ ತುದಿಯ ಚರ್ಮ ಗಟ್ಟಿಯಾಗುತ್ತದೆ, ನೋವಿನ ನೆನಪೂ ಉಳಿಯುವುದಿಲ್ಲ. ನಿಜವಾದ ತೊಡಕು ಬೇರೆ. ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಕೆಲವು ಸ್ವರಗಳ ಗುಂಪು) ಹಿಡಿಯಲು ಬರುತ್ತದೆ, ಇನ್ನೊಂದೂ ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಾಡು ನಿಂತುಬಿಡುತ್ತದೆ. ಹಾಡುವವರು ಬಾಯಿ ತೆರೆದು ಕಾಯುತ್ತಾರೆ, ನುಡಿಸುವವರು ಬೆರಳುಗಳನ್ನು ಒಂದೊಂದಾಗಿ ಜೋಡಿಸುತ್ತಿರುತ್ತಾರೆ. ನಾನು ನೋಡಿದ ಹೊಸಬರಲ್ಲಿ ಬಹುಪಾಲು ಜನ ಎಡವಿದ್ದು ಇಲ್ಲೇ. ಆದ್ದರಿಂದ ಉಳಿದ ಹಂತಗಳನ್ನು ಬೇಗ ಮುಗಿಸಿ, ಈ ಒಂದು ಹಂತದಲ್ಲಿ ನಿಧಾನವಾಗಿ ನಿಲ್ಲೋಣ.

ಎಡಗೈ ಬಳಸುವವರು ಮುಂದೆ ಬರುವ ಎಡ–ಬಲಗಳನ್ನು ಅದಲುಬದಲು ಮಾಡಿ ಓದಿಕೊಳ್ಳಬೇಕು.

ಹಂತ 1: ಒತ್ತಲು ಬರುವ ಗಿಟಾರ್

ಚೆಂದದ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ತಂತಿಯ ಎತ್ತರ. ಗಿಟಾರಿನ ಉದ್ದನೆಯ ಕತ್ತಿನ (ನೆಕ್) ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್; ತಲೆಯ ಕಡೆಯಿಂದ ಎಣಿಸಬೇಕು. 12ನೇ ಫ್ರೆಟ್‌ನ ಮೇಲೆ ದಪ್ಪ ತಂತಿಯ ಕೆಳಗಿನ ಅಂತರ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಸರಿ, ತೆಳು ತಂತಿಯದು ಎರಡಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ನಾಲ್ಕು ಮಿಲಿಮೀಟರ್ ಇರುವ ಗಿಟಾರನ್ನು ಕೈಗೆ ಕೊಟ್ಟು ‘ಅಭ್ಯಾಸ ಮಾಡು’ ಎನ್ನುವುದು ಅನ್ಯಾಯ. ರಿಪೇರಿ ಬಲ್ಲವರಿಗೆ ಕೊಟ್ಟರೆ ಇದನ್ನು ತಗ್ಗಿಸುತ್ತಾರೆ. ಆ ಖರ್ಚನ್ನು ಉಳಿಸಲು ಹೋಗಬೇಡಿ.

ಹೊಸಬರಿಗೆ 0.010 ಇಂಚಿನಿಂದ ಶುರುವಾಗುವ ತೆಳುವಾದ ಉಕ್ಕಿನ ತಂತಿಗಳ ಸೆಟ್ ಸಾಕು. ಅಕೌಸ್ಟಿಕ್ ಗಿಟಾರ್‌ಗಳಿಗೆ ಸಾಮಾನ್ಯವಾಗಿ ಹಾಕುವ 0.012ರ ಸೆಟ್ಟಿಗೆ ಆಮೇಲೆ ಹೋಗಬಹುದು. ಒಂದು ಎಚ್ಚರಿಕೆ: ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ಗೆ ಎಂದೂ ಉಕ್ಕಿನ ತಂತಿ ಹಾಕಬೇಡಿ. ಆರು ಉಕ್ಕಿನ ತಂತಿಗಳ ಒಟ್ಟು ಎಳೆತ 60ರಿಂದ 75 ಕಿಲೋ. ನೈಲಾನ್ ತಂತಿಗಳದ್ದು 40 ಕಿಲೋ ಆಸುಪಾಸು. ಆ ಹೆಚ್ಚುವರಿ ಎಳೆತಕ್ಕೆ ತಂತಿಗಳನ್ನು ಕೆಳತುದಿಯಲ್ಲಿ ಹಿಡಿದಿಡುವ ಬ್ರಿಜ್ ಕಿತ್ತುಬರಬಹುದು, ನೆಕ್ ಬಾಗಬಹುದು.

ಬೆರಳಿಗೆ ತೊಡಿಸುವ ರಬ್ಬರ್ ಟೋಪಿ, ಗುಂಡಿ ಒತ್ತಿದರೆ ಕಾರ್ಡ್ ಹಿಡಿಯುವ ಪ್ಲಾಸ್ಟಿಕ್ ಸಾಧನ, ಬೆರಳಿಗೆ ಬಲ ಬರಿಸುವ ಸ್ಪ್ರಿಂಗ್ ಯಂತ್ರ, ಇವು ಯಾವುವೂ ಬೇಡ. ಟೋಪಿ ತೊಟ್ಟರೆ ಚರ್ಮ ಗಟ್ಟಿಯಾಗುವುದೇ ಇಲ್ಲ, ತಂತಿ ಎಲ್ಲಿದೆ ಎಂಬ ಸ್ಪರ್ಶವೂ ಸಿಗುವುದಿಲ್ಲ. ಬಲ ಬರಿಸುವ ಯಂತ್ರ ಬಗೆಹರಿಸಲು ಹೊರಟಿರುವುದು ಇಲ್ಲದ ಸಮಸ್ಯೆಯನ್ನು. ಕಾರ್ಡ್ ಹಿಡಿಯಲು ಬೇಕಾಗಿರುವುದು ಶಕ್ತಿಯಲ್ಲ, ಜಾಗದ ಅರಿವು. ಆ ಹಣಕ್ಕೆ ಗಿಟಾರಿನ ತಲೆಗೆ ಸಿಕ್ಕಿಸಿ ಶ್ರುತಿ ನೋಡುವ ಒಂದು ಕ್ಲಿಪ್ ಟ್ಯೂನರ್ ಮತ್ತು ತಂತಿ ಮೀಟಲು 0.6 ಮಿಲಿಮೀಟರ್ ದಪ್ಪದ ಆಸುಪಾಸಿನ ಎರಡು ಮೂರು ಪಿಕ್ ಕೊಳ್ಳಿ.

ಹಂತ 2: ಶ್ರುತಿ

ತೆಳುವಾದದ್ದು ಒಂದನೇ ತಂತಿ, ದಪ್ಪನೆಯದು ಆರನೆಯದು. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಇ, ಎ, ಡಿ, ಜಿ, ಬಿ, ಇ ಸ್ವರಗಳು. ದಪ್ಪನೆಯ ಇ ಸುಮಾರು 82 ಹರ್ಟ್ಜ್, ತೆಳುವಾದ ಇ ಸುಮಾರು 330 ಹರ್ಟ್ಜ್. ಅದೇ ಸ್ವರ, ಎರಡು ಸ್ಥಾಯಿ ಮೇಲೆ. ಎಷ್ಟೋ ಟ್ಯೂನರ್‌ಗಳು ಸ್ವರದ ಹೆಸರನ್ನಷ್ಟೇ ತೋರಿಸುತ್ತವೆ, ಸ್ಥಾಯಿಯನ್ನಲ್ಲ. ಹಾಗಾಗಿ ಪರದೆಯನ್ನೇ ನೋಡುತ್ತಾ ತಿರುವಿದವರು ತಂತಿ ಕಡಿದುಕೊಳ್ಳುತ್ತಾರೆ. ತಿರುವುವಾಗ ತಂತಿ ವಿಪರೀತ ಬಿಗಿಯಾಯಿತು ಅನ್ನಿಸಿದರೆ ನಿಲ್ಲಿಸಿ, ಸಡಿಲಿಸಿ, ಕೆಳಗಿನಿಂದ ಮತ್ತೆ ಬನ್ನಿ. ಸ್ವರ ದಾಟಿ ಹೋದರೂ ಅಷ್ಟೇ: ಪೂರ್ತಿ ಕೆಳಗಿಳಿದು ಮೇಲಕ್ಕೆ ಬಂದು ನಿಲ್ಲಿಸಿದರೆ ಶ್ರುತಿ ಹೆಚ್ಚು ಹೊತ್ತು ಉಳಿಯುತ್ತದೆ. ಹೊಸ ತಂತಿಗಳು ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತವೆ, ಗಾಬರಿ ಬೇಡ. ಪ್ರತಿ ಸಲ ಕೂತಾಗಲೂ ಶ್ರುತಿ ನೋಡಿಯೇ ನುಡಿಸಿ. ಅಪಶ್ರುತಿಯ ಗಿಟಾರಿನಲ್ಲಿ ಸರಿಯಾಗಿ ಹಿಡಿದ ಕಾರ್ಡ್ ಕೂಡ ತಪ್ಪೆಂದೇ ಕೇಳಿಸುತ್ತದೆ, ಕಿವಿ ಕೆಡುತ್ತದೆ.

ಹಂತ 3: ಎಷ್ಟು ಒತ್ತಬೇಕು?

ನೆಟ್ಟಗೆ ಕೂತುಕೊಳ್ಳಿ, ಎಡಗೈ ಉಗುರು ಕತ್ತರಿಸಿಕೊಳ್ಳಿ, ಹೆಬ್ಬೆರಳು ನೆಕ್‌ನ ಹಿಂದಿರಲಿ. ಎರಡನೇ ಫ್ರೆಟ್‌ನಲ್ಲಿ ಒತ್ತುವುದೆಂದರೆ ಲೋಹದ ಪಟ್ಟಿಯ ಮೇಲೆ ಒತ್ತುವುದಲ್ಲ. ಅದಕ್ಕೆ ತಾಗಿಕೊಂಡಂತೆ, ಗಿಟಾರಿನ ತಲೆಯ ಕಡೆಗೆ.

ಈಗ ಒಂದು ಪ್ರಯೋಗ. ಮೂರನೇ ತಂತಿಯ ಎರಡನೇ ಫ್ರೆಟ್‌ನಲ್ಲಿ ನಡುಬೆರಳನ್ನು ಭಾರ ಹಾಕದೆ ಇರಿಸಿ. ಬಲಗೈಯಿಂದ ಆ ತಂತಿಯನ್ನು ಮೀಟುತ್ತಲೇ ಇರಿ. ಮೊದಲು ‘ಟಕ್ ಟಕ್’ ಎಂಬ ಸತ್ತ ಸದ್ದು. ಬೆರಳಿಗೆ ಒಂದಿಷ್ಟೇ ಭಾರ ಕೊಡಿ: ಕರಕರ ಸದ್ದು. ಇನ್ನೊಂದು ಚೂರು: ಸ್ವರ ತಿಳಿಯಾಗಿ ಹೊರಡುತ್ತದೆ. ಅಲ್ಲಿಗೇ ನಿಲ್ಲಿಸಿ. ಆ ಕ್ಷಣದಲ್ಲಿ ಬೆರಳಿನ ಮೇಲಿದ್ದ ಭಾರವೇ ನಿಮಗೆ ಬೇಕಾದ ಭಾರ. ಹೊಸಬರು ಇದರ ದುಪ್ಪಟ್ಟು ಒತ್ತುತ್ತಾರೆ. ಹಾಗೆ ಕಚ್ಚಿ ಹಿಡಿದ ಬೆರಳು ತಂತಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಮುಂದಿನ ಕಾರ್ಡ್‌ಗೆ ತಡವಾಗುವುದು ಅಲ್ಲಿಂದಲೇ ಶುರುವಾಗುತ್ತದೆ.

ಹಂತ 4: ಐದು ಕಾರ್ಡ್

ಇ ಮೈನರ್, ಎ ಮೈನರ್, ಸಿ, ಜಿ, ಡಿ. ಇವುಗಳ ಚಿತ್ರ ಯಾವ ಪುಸ್ತಕದಲ್ಲೂ ಸಿಗುತ್ತದೆ. ಪ್ರತಿಯೊಂದನ್ನೂ ಹಿಡಿದು ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿ. ಯಾವುದು ಸತ್ತಿದೆಯೋ ಅದನ್ನು ಪಕ್ಕದ ಬೆರಳಿನ ಹೊಟ್ಟೆ ತಾಗುತ್ತಿರುತ್ತದೆ. ಬೆರಳನ್ನು ತುದಿಯ ಮೇಲೆ ನಿಲ್ಲಿಸಿದರೆ ಸರಿಹೋಗುತ್ತದೆ.

ಜಿ ಕಾರ್ಡನ್ನು ಮಾತ್ರ ನಾಲ್ಕು ಬೆರಳಿನಲ್ಲೇ ಕಲಿಯಿರಿ: ನಡುಬೆರಳು ಆರನೇ ತಂತಿಯ ಮೂರನೇ ಫ್ರೆಟ್‌ನಲ್ಲಿ, ತೋರುಬೆರಳು ಐದನೇ ತಂತಿಯ ಎರಡರಲ್ಲಿ, ಉಂಗುರ ಬೆರಳು ಎರಡನೇ ತಂತಿಯ ಮೂರರಲ್ಲಿ, ಕಿರುಬೆರಳು ಒಂದನೇ ತಂತಿಯ ಮೂರರಲ್ಲಿ. ಮೂರು ಬೆರಳಿನ ಜಿ ಸುಲಭ ಎಂದು ಹೇಳಿಕೊಡುವವರಿದ್ದಾರೆ. ಹಿಡಿಯಲು ಸುಲಭ ನಿಜ, ಬಿಟ್ಟು ಹೋಗಲು ಕಷ್ಟ. ಏಕೆಂಬುದು ಈಗ ಗೊತ್ತಾಗುತ್ತದೆ.

ಹಂತ 5: ದಾಟುವುದು

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವ ಬೆರಳು ಕದಲಬೇಕಾಗಿಲ್ಲ? ಎ ಮೈನರ್‌ನಿಂದ ಸಿ ಕಾರ್ಡ್‌ಗೆ ಹೋಗುವವರನ್ನು ಗಮನಿಸಿ. ಮೂರೂ ಬೆರಳು ಎತ್ತುತ್ತಾರೆ, ಗಾಳಿಯಲ್ಲಿ ಹರಡುತ್ತಾರೆ, ಮತ್ತೆ ಒಂದೊಂದಾಗಿ ಇಳಿಸುತ್ತಾರೆ. ಎರಡನೇ ತಂತಿಯ ಒಂದನೇ ಫ್ರೆಟ್‌ನಲ್ಲಿರುವ ತೋರುಬೆರಳು, ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿರುವ ನಡುಬೆರಳು, ಈ ಎರಡೂ ಎರಡು ಕಾರ್ಡ್‌ಗಳಲ್ಲೂ ಅಲ್ಲೇ ಇರುತ್ತವೆ. ಉಂಗುರ ಬೆರಳು ಮಾತ್ರ ಮೂರನೇ ತಂತಿಯನ್ನು ಬಿಟ್ಟು ಐದನೇ ತಂತಿಯ ಮೂರನೇ ಫ್ರೆಟ್‌ಗೆ ಹೋಗಬೇಕು. ಒಂದು ಬೆರಳಿನ ಕೆಲಸಕ್ಕೆ ಮೂರು ಬೆರಳು ದಣಿಯುತ್ತಿವೆ.

ನಾಲ್ಕು ಬೆರಳಿನ ಜಿ ಇಲ್ಲಿ ಕೈಹಿಡಿಯುತ್ತದೆ. ಅಲ್ಲಿಂದ ಡಿ ಕಾರ್ಡ್‌ಗೆ ಹೋಗುವಾಗ ಎರಡನೇ ತಂತಿಯ ಮೇಲಿನ ಉಂಗುರ ಬೆರಳು ಹಾಗೆಯೇ ಉಳಿಯುತ್ತದೆ; ಅದನ್ನೇ ಆಧಾರವಾಗಿಟ್ಟುಕೊಂಡು ಉಳಿದವು ಸುತ್ತ ಜಾಗ ಹಿಡಿಯುತ್ತವೆ. ಜಿಯಿಂದ ಸಿ ಕಡೆಗೆ ಹೋಗುವಾಗ ಉಂಗುರ ಬೆರಳು, ಕಿರುಬೆರಳು ಎರಡನ್ನೂ ಬಿಟ್ಟುಕೊಡದೆ, ತೋರುಬೆರಳು ಮತ್ತು ನಡುಬೆರಳನ್ನು ತಲಾ ಒಂದು ತಂತಿ ನೆಲದ ಕಡೆಗೆ ಸರಿಸಿದರೆ ಸಿ ಆಡ್ 9 ಎಂಬ ಕಾರ್ಡ್ ಸಿಗುತ್ತದೆ. ಬಹಳಷ್ಟು ಹಾಡುಗಳಲ್ಲಿ ಸಿ ಇರುವ ಜಾಗಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಇದನ್ನು ಅಡ್ಡದಾರಿ ಎನ್ನುವವರಿಗೆ ಕಿವಿಗೊಡಬೇಡಿ. ಆದರೆ ಪೂರ್ಣ ಸಿ ಕಾರ್ಡನ್ನೂ ಬಿಡಬೇಡಿ.

ಎರಡನೆಯದು, ಬೆರಳಿನ ಎತ್ತರ. ಕಾರ್ಡ್ ಬಿಡುವಾಗ ಬೆರಳುಗಳು ತಂತಿಯಿಂದ ಒಂದು ಬೆರಳಿನ ಅಗಲಕ್ಕಿಂತ ಮೇಲೇಳಬಾರದು. ಇದಕ್ಕೊಂದು ಅಭ್ಯಾಸ. ಸಿ ಹಿಡಿಯಿರಿ. ಬೆರಳು ಎತ್ತದೆ ಒತ್ತಡ ಮಾತ್ರ ಸಡಿಲಿಸಿ, ಮತ್ತೆ ಒತ್ತಿ. ಕೆಲವು ಸಲ ಮಾಡಿದ ಮೇಲೆ ಕೂದಲೆಳೆಯಷ್ಟು ಎತ್ತಿ, ಮೂರೂ ಬೆರಳನ್ನು ಒಟ್ಟಿಗೆ ಇಳಿಸಿ. ಕ್ರಮೇಣ ಎತ್ತರ ಹೆಚ್ಚಿಸಿ. ಕಾರ್ಡ್‌ನ ಆಕಾರ ಗಾಳಿಯಲ್ಲೇ ಕೂಡಿಬರಬೇಕು. ತಂತಿ ಮುಟ್ಟಿದ ಮೇಲೆ ಬೆರಳು ಜಾಗ ಹುಡುಕಬಾರದು. ಇಲ್ಲಿ ಆತುರ ಮಾಡಿದವರು ಆಮೇಲೆ ತಿಂಗಳುಗಟ್ಟಲೆ ಪರದಾಡುವುದನ್ನು ನೋಡಿದ್ದೇನೆ.

ಒಟ್ಟಿಗೆ ಇಳಿಸುವುದು ಇನ್ನೂ ಕೈಗೂಡದಿದ್ದರೆ, ದಪ್ಪ ತಂತಿಯ ಬೆರಳನ್ನು ಮೊದಲು ಇಳಿಸಿ. ಸಿ ಕಾರ್ಡ್‌ಗೆ ಹೆಚ್ಚಿನವರು ತೋರುಬೆರಳಿನಿಂದ ಶುರುಮಾಡಿ ಉಂಗುರ ಬೆರಳನ್ನು ಕೊನೆಗೆ ಇಡುತ್ತಾರೆ. ಆದರೆ ಮೇಲಿನಿಂದ ಕೆಳಗೆ ಬರುವ ಪಿಕ್ ಮೊದಲು ತಾಗುವುದು ಐದನೇ ತಂತಿಗೆ. ಉಂಗುರ ಬೆರಳು ಅಲ್ಲಿ ಸಿದ್ಧವಾಗಿದ್ದರೆ ಕಾರ್ಡ್‌ನ ತಳದ ಸ್ವರ ಸಮಯಕ್ಕೆ ಸರಿಯಾಗಿ ಕೇಳಿಸುತ್ತದೆ. ಉಳಿದ ಬೆರಳುಗಳು ತುಸು ತಡವಾದರೂ ಕೇಳುವವರಿಗೆ ಗೊತ್ತಾಗುವುದಿಲ್ಲ.

ಮೂರನೆಯದು ಬಲಗೈ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಎಡಗೈ ತಯಾರಾಗಲಿ ಎಂದು ಬಲಗೈ ಕಾಯಬಾರದು. ಅದು ಉಯ್ಯಾಲೆಯಂತೆ ಕೆಳಗೆ–ಮೇಲೆ ತೂಗುತ್ತಲೇ ಇರಬೇಕು, ತಂತಿ ಮುಟ್ಟಲಿ, ಬಿಡಲಿ. ನಾಲ್ಕು ಎಣಿಕೆಗೆ ನಾಲ್ಕು ಸಲ ಕೆಳಗೆ, ನಾಲ್ಕು ಸಲ ಮೇಲೆ. ಎಡಗೈಯನ್ನು ತಂತಿಗಳ ಮೇಲೆ ಮೆಲ್ಲಗೆ ಚಾಚಿ ಸದ್ದು ಅಡಗಿಸಿ, ಬರೀ ಬಲಗೈಯನ್ನು ಒಂದು ಹಾಡಿನುದ್ದಕ್ಕೂ ಆಡಿಸಿ ನೋಡಿ. ಮೊಣಕೈ ಬಿಗಿಯದೆ ಮಣಿಕಟ್ಟು ಸಡಿಲವಾಗಿ ಆಡುವವರೆಗೆ ಕಾರ್ಡ್ ಮುಟ್ಟಬೇಡಿ.

ಆಮೇಲೆ ಒಂದೇ ವೇಗದಲ್ಲಿ ತಾಳ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟುಕೊಳ್ಳಿ. ಒಂದು ಬಡಿತಕ್ಕೆ ಒಂದು ಸೆಕೆಂಡ್. ನಾಲ್ಕನೇ ಬಡಿತಕ್ಕೆ ಕೆಳಗೆ ಹೊಡೆದ ಕೂಡಲೇ ಎಡಗೈ ಹೊರಡಲಿ. ಆ ಮೇಲೆ ಬರುವ ಮೇಲ್ಮುಖದ ಹೊಡೆತ ಖಾಲಿ ತಂತಿಗಳ ಮೇಲೆ ಬಿದ್ದರೆ ಬೀಳಲಿ. ಪಳಗಿದ ಗಿಟಾರ್ ವಾದಕರನ್ನು ಕಿವಿಗೊಟ್ಟು ಕೇಳಿ, ಅವರ ನುಡಿಸಾಣಿಕೆಯಲ್ಲೂ ಆ ಖಾಲಿ ತಂತಿಯ ಸದ್ದು ಸಿಗುತ್ತದೆ. ಅದು ಹಾಡಿಗೆ ಲಯ ಕೊಡುತ್ತದೆಯೇ ಹೊರತು ಕೆಡಿಸುವುದಿಲ್ಲ. ಹೊಸಬರು ಕೊನೆಯ ಹೊಡೆತದವರೆಗೂ ಕಾರ್ಡನ್ನು ಬಿಗಿಯಾಗಿ ಹಿಡಿದುಕೊಂಡು, ಸಮಯವನ್ನೆಲ್ಲ ಕಳೆದುಕೊಂಡು, ಆಮೇಲೆ ಓಡುತ್ತಾರೆ. ಬೇಗ ಬಿಟ್ಟರೆ ನಿಮಗೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಸಿಗುತ್ತದೆ. ದಾಟಲು ಅದು ಧಾರಾಳ.

ಒಂದನೇ ಬಡಿತ ಬಂದಾಗ ಎರಡೇ ಬೆರಳು ಇಳಿದಿದ್ದರೂ ಹೊಡೆಯಿರಿ. ಕಾರ್ಡ್ ಅರೆಬರೆಯಾಗಿ ಕೇಳಿಸುತ್ತದೆ, ನಾಚಿಕೆ ಬೇಡ. ಮುಂದಿನ ಸುತ್ತಿನಲ್ಲಿ ಮೂರನೇ ಬೆರಳೂ ಬಂದು ಸೇರುತ್ತದೆ. ನಿಂತು ಸರಿಪಡಿಸಿಕೊಂಡು ಮುಂದುವರಿದರೆ ಕೈ ಕಲಿಯುವುದು ನಿಲ್ಲುವುದನ್ನೇ. ಆ ಅಭ್ಯಾಸ ಒಮ್ಮೆ ಬೇರುಬಿಟ್ಟರೆ ಕೀಳುವುದು ಬಹಳ ಕಷ್ಟ.

ಪ್ರಗತಿ ಅಳೆಯಲು ಗಡಿಯಾರ ಸಾಕು. ಎರಡೇ ಕಾರ್ಡ್ ಆರಿಸಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಿಸಲು ಬಂತೆಂದು ಎಣಿಸಿ, ನೋಟ್‌ಬುಕ್‌ನಲ್ಲಿ ಬರೆದಿಡಿ. 30 ಮುಟ್ಟಿದರೆ ನಿಧಾನದ ಹಾಡಿಗೆ ಇಳಿಯಬಹುದು. 60 ಮುಟ್ಟಿದರೆ ಆ ಜೋಡಿಯ ಬಗ್ಗೆ ಚಿಂತೆ ಬಿಡಿ, ಮುಂದಿನದಕ್ಕೆ ಹೋಗಿ. ವಾರಕ್ಕೊಮ್ಮೆ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಮೇಲು.

ಹಂತ 6: ಎಫ್ ಎಂಬ ಗೋಡೆ

ತೋರುಬೆರಳನ್ನು ಒಂದನೇ ಫ್ರೆಟ್‌ನಲ್ಲಿ ಆರೂ ತಂತಿಗಳ ಮೇಲೆ ಅಡ್ಡ ಮಲಗಿಸುವ ಎಫ್ ಕಾರ್ಡ್ ಹೊಸಬರ ಧೈರ್ಯ ಕುಗ್ಗಿಸುತ್ತದೆ. ಒಂದನೇ ಫ್ರೆಟ್, ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ಗೆ ತೀರಾ ಹತ್ತಿರ ಇರುವುದರಿಂದ ತಂತಿ ಅಲ್ಲಿ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಅಲ್ಲಿ ಕಲಿಯಲೇಬೇಡಿ. ಅದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಹಿಡಿಯಿರಿ, ಅಲ್ಲಿ ಅದು ಎ ಕಾರ್ಡ್. ತೋರುಬೆರಳನ್ನು ಚಪ್ಪಟೆಯಾಗಿ ಒತ್ತದೆ, ಹೆಬ್ಬೆರಳಿನ ಕಡೆಯ ಗಟ್ಟಿ ಬದಿಗೆ ತುಸು ಹೊರಳಿಸಿ. ಅಲ್ಲಿ ಸ್ವರ ತಿಳಿಯಾದ ಮೇಲೆ ಒಂದೊಂದೇ ಫ್ರೆಟ್ ಇಳಿದು ಬನ್ನಿ.

ಅಲ್ಲಿಯವರೆಗೆ, ಒಂದು ಫ್ರೆಟ್‌ನಲ್ಲಿ ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್ಪಾದ ಕೇಪೋ ಬಳಸಿ. ಎಫ್ ಶ್ರುತಿಯ ಹಾಡಿಗೆ ಮೂರನೇ ಫ್ರೆಟ್‌ನಲ್ಲಿ ಕೇಪೋ ಹಾಕಿ ಡಿ ಆಕಾರ ಹಿಡಿದರೆ ಹೊರಡುವುದು ಎಫ್ ಕಾರ್ಡೇ. ಕೇಪೋ ಬಳಸುವುದನ್ನು ಕಡಿಮೆಯೆಂದು ಕಾಣುವವರ ಮಾತು ನಂಬಬೇಡಿ. ಹಾಡುವವರ ಕಂಠಕ್ಕೆ ಶ್ರುತಿ ಹೊಂದಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಹಂತ 7: ಜೊತೆ ಕಲಿಯುವವರು

ಒಬ್ಬರೇ ಕೂತು ಕಲಿಯುವವರಿಗೆ ತಮ್ಮ ತಾಳ ತಪ್ಪುತ್ತಿರುವುದು ಕೇಳಿಸುವುದಿಲ್ಲ. ಮನಸ್ಸು ಆ ಬಿಡುವನ್ನು ತಾನೇ ತುಂಬಿಕೊಂಡುಬಿಡುತ್ತದೆ. ಬೇರೆಯವರ ಕಿವಿ ಬೇಕು. ದೂರದಲ್ಲಿದ್ದರೂ ಸರಿ, ನಿಮ್ಮ ಮಟ್ಟದಲ್ಲೇ ಕಲಿಯುತ್ತಿರುವ ಮೂರು ನಾಲ್ಕು ಜನ, ಅವರಿಗಿಂತ ಒಂದೆರಡು ವರ್ಷ ಮುಂದಿರುವ ಒಬ್ಬರು ಇದ್ದರೆ ಸಾಕು. ವಾರಕ್ಕೊಂದು ರೆಕಾರ್ಡಿಂಗ್ ಕಳುಹಿಸಿ. ಹೊಸಬರು ಎಡಗೈಯನ್ನು ಮಾತ್ರ ಹತ್ತಿರದಿಂದ ಚಿತ್ರೀಕರಿಸುತ್ತಾರೆ. ಮೊಬೈಲನ್ನು ಎದುರಿಗೆ, ಎದೆಯ ಮಟ್ಟಕ್ಕೆ, ಎರಡೂ ಕೈ ಕಾಣುವಂತೆ ಇಡಿ. ತೊಂದರೆ ಹೆಚ್ಚಾಗಿ ಸಿಗುವುದು ಬಲಗೈಯಲ್ಲಿ.

ಇಡೀ ಹಾಡು ಬೇಡ, ಒಂದು ನಿಮಿಷ ಸಾಕು. ನಡುವೆ ತಪ್ಪಿದರೆ ಕತ್ತರಿಸಬೇಡಿ, ಆ ತಪ್ಪನ್ನೇ ಅವರು ನೋಡಬೇಕು. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ‘ಸಿಯಿಂದ ಜಿಗೆ ಹೋಗುವಾಗ ಯಾವ ಬೆರಳು ತಡವಾಗುತ್ತಿದೆ?’ ಎಂದು ಕೇಳಿ. ಬೇರೆಯವರು ಕಳುಹಿಸಿದ್ದನ್ನೂ ಅಷ್ಟೇ ಗಮನವಿಟ್ಟು ನೋಡಿ ಉತ್ತರಿಸಿ. ಇನ್ನೊಬ್ಬರ ಕೈಯಲ್ಲಿ ತಪ್ಪು ಗುರುತಿಸಿದವರಿಗೆ ತಮ್ಮ ಕೈಯಲ್ಲೂ ಅದು ಬೇಗ ಕಾಣುತ್ತದೆ. ದಿನಕ್ಕೊಂದು ಹೊಸ ಹಾಡು ಸೂಚಿಸುವ ಉತ್ಸಾಹಿಗಳ ಸಲಹೆ ಮಾತ್ರ ಪಕ್ಕಕ್ಕಿಡಿ. ಒಂದೇ ಹಾಡನ್ನು ಒಂದು ತಿಂಗಳು ಹಿಡಿದುಕೊಳ್ಳಿ, ಮೆಟ್ರೊನೋಮ್ 60ರಿಂದ ನಾಲ್ಕು ನಾಲ್ಕು ಹೆಚ್ಚಿಸುತ್ತಾ ಹೋಗಿ. ಯಾವ ವೇಗದಲ್ಲಿ ಬಲಗೈ ತಡವರಿಸಿತೋ ಅಲ್ಲಿಂದ ಎಂಟು ಕೆಳಗಿಳಿಸಿ, ಮಾರನೆಯ ದಿನ ಅಲ್ಲಿಂದಲೇ ಶುರುಮಾಡಿ.