ಪುಟದ ಶೀರ್ಷಿಕೆ, ಅದರ ನಡುವಿನ ಗೆರೆ, ಮತ್ತು ಏಳು ಭಾಷೆ

ಬ್ರೌಸರ್ ಟ್ಯಾಬ್‌ನಲ್ಲಿ ಕಾಣುವ ಶೀರ್ಷಿಕೆಯಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತವೆ. ಮೊದಲು ಪುಟದ ಹೆಸರು, ಆಮೇಲೆ ಸೈಟಿನ ಹೆಸರು. ನಡುವೆ ಒಂದು ಚಿಹ್ನೆ. ಸೈಟ್ ಒಂದೇ ಭಾಷೆಯಲ್ಲಿದ್ದರೆ ಆ ಚಿಹ್ನೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಂಗಳೂರಿನ ಒಂದು ಗೇರುಬೀಜ ಕಾರ್ಖಾನೆಗೆ ಸೈಟ್ ಮಾಡಿಕೊಟ್ಟೆ. ಬೀಜ ತಂದುಕೊಡುವ ಕೃಷಿಕರಿಗೆ ಕನ್ನಡ, ತುಳು. ತಿರುಳು ಕೊಳ್ಳುವವರಿಗೆ ಇಂಗ್ಲಿಷ್, ಹಿಂದಿ, ಅರಬ್ಬಿ, ಫ್ರೆಂಚ್, ಜಪಾನಿ. ಅಲ್ಲಿ ಈ ಚಿಹ್ನೆ ನನ್ನ ಕೆಲಸದ ದೊಡ್ಡ ಭಾಗವೇ ಆಯಿತು.

ಟೆಂಪ್ಲೇಟ್‌ನಲ್ಲಿ, ಅಂದರೆ ಎಲ್ಲ ಪುಟಗಳಿಗೂ ಒಂದೇ ಆದ ಅಚ್ಚಿನಲ್ಲಿ, ಇದ್ದದ್ದು ನೆಟ್ಟಗೆರೆ, ಅಂದರೆ | ಚಿಹ್ನೆ. ಇಂಗ್ಲಿಷ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಹಿಂದಿ ಪುಟ ತೆರೆದರೆ ಬೇರೆ ಕಥೆ. ಹಿಂದಿಯಲ್ಲಿ ವಾಕ್ಯ ಮುಗಿಯುವುದೇ ದಂಡದಿಂದ, ನೋಡಲು ಅದೂ ಒಂದು ನೆಟ್ಟಗೆರೆ. ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಕಂಪ್ಯೂಟರಿನ ಪಟ್ಟಿ ಅದು) ದಂಡಕ್ಕೆ ಬೇರೆಯೇ ಸ್ಥಾನ ಇದೆ, ಯು+0964. ಆದರೆ ಕೀಬೋರ್ಡ್‌ನಲ್ಲಿ ಸುಲಭಕ್ಕೆ ಸಿಗುತ್ತದೆ ಅಂತ ಎಷ್ಟೋ ಜನ ಅದರ ಬದಲು ಈ ನೆಟ್ಟಗೆರೆಯನ್ನೇ ಹೊಡೆಯುತ್ತಾರೆ. ಹಾಗಾಗಿ ಹಿಂದಿ ಓದುವವರ ಕಣ್ಣಿಗೆ ಅದು ಎರಡು ಭಾಗಗಳನ್ನು ಬೇರೆ ಮಾಡುವ ಗೆರೆ ಅಲ್ಲ, ಪೂರ್ಣವಿರಾಮ. ಪುಟದ ಹೆಸರು ಮುಗಿಯಿತು, ಇನ್ನೊಂದು ವಾಕ್ಯ ಶುರುವಾಯಿತು ಅನ್ನಿಸುತ್ತದೆ. ಹಿಂದಿಗೆ ನೆಟ್ಟಗೆರೆ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಹಾಗಾದರೆ ಎಲ್ಲ ಭಾಷೆಗೂ ಹೈಫನ್ ಹಾಕಿದರೆ ಆಯಿತಲ್ವಾ? ಇಲ್ಲ. ಕನ್ನಡದಲ್ಲಿ ಹೈಫನ್‌ಗೆ ಆಗಲೇ ಬೇರೆ ಕೆಲಸ ಇದೆ. ಮಂಗಳೂರು-ಕಾರ್ಕಳ, ತೆಂಕು-ಬಡಗು, ಖರೀದಿ-ಮಾರಾಟ, ಹೀಗೆ ಜೋಡಿ ಪದಗಳನ್ನು ಅದರಿಂದಲೇ ಕಟ್ಟುತ್ತೇವೆ. ‘ಖರೀದಿ-ಮಾರಾಟ - ಕಾರ್ಖಾನೆ ಹೆಸರು’ ಅಂತ ಬರೆದರೆ ಜೋಡಿಸುವ ಗೆರೆ ಯಾವುದು, ಬೇರೆ ಮಾಡುವ ಗೆರೆ ಯಾವುದು ಅಂತ ಟ್ಯಾಬ್‌ನ ಸಣ್ಣ ಅಕ್ಷರದಲ್ಲಿ ಗೊತ್ತಾಗುವುದಿಲ್ಲ.

ಕೋಲನ್‌ಗೂ ತೊಂದರೆ ಇದೆ, ಅದು ವಿಸರ್ಗದ ಹಾಗೆ ಕಾಣುತ್ತದೆ. ಎಷ್ಟೋ ಕಡೆ ‘ದುಃಖ’ ಬರೆಯುವಾಗ ವಿಸರ್ಗದ ಬದಲು ಕೋಲನ್ ಹೊಡೆದಿರುವುದನ್ನು ನೋಡಿರುತ್ತೀರಿ. ಪತ್ರಿಕೆಯಲ್ಲಿ ‘ಉಡುಪಿ: ...’ ಅಂತ ಊರಿನ ಹೆಸರಿನಿಂದ ಸುದ್ದಿ ಶುರುವಾದಾಗ ಗೊಂದಲ ಆಗುವುದಿಲ್ಲ, ಓದುಗರಿಗೆ ಅದು ರೂಢಿ. ಶೀರ್ಷಿಕೆಯಲ್ಲಿ ಮಾತ್ರ ನಾನು ಕೋಲನ್ ಇಡುವುದಿಲ್ಲ, ವಾಕ್ಯವನ್ನೇ ಬದಲಿಸುತ್ತೇನೆ. ‘ಇಂದಿನ ದರ: ಗೇರುಬೀಜ’ ಅನ್ನುವುದಕ್ಕಿಂತ ‘ಗೇರುಬೀಜದ ಇಂದಿನ ದರ’ ಅನ್ನುವುದೇ ಒಳ್ಳೆಯ ಕನ್ನಡ. ಕೊನೆಗೆ ಕನ್ನಡ, ತುಳು, ಹಿಂದಿ ಮೂರಕ್ಕೂ ಎನ್ ಡ್ಯಾಶ್ (–) ಇಟ್ಟೆ, ಎರಡೂ ಬದಿಯಲ್ಲಿ ಒಂದೊಂದು ಜಾಗ ಬಿಟ್ಟು. ಹೈಫನ್‌ಗಿಂತ ಉದ್ದ ಇರುವುದರಿಂದ ಬೇರೆಯಾಗಿ ಕಾಣುತ್ತದೆ, ಇನ್ನೂ ಉದ್ದದ ಎಮ್ ಡ್ಯಾಶ್‌ನಷ್ಟು ಜಾಗವನ್ನೂ ತಿನ್ನುವುದಿಲ್ಲ.

ಫ್ರೆಂಚ್‌ನಲ್ಲಿ ಕೋಲನ್, ಪ್ರಶ್ನೆ ಚಿಹ್ನೆ, ಆಶ್ಚರ್ಯ ಚಿಹ್ನೆ, ಅರ್ಧವಿರಾಮ ಇವುಗಳಿಗೆ ಮೊದಲೂ ಜಾಗ ಬೇಕು. ನಮ್ಮ ಕಣ್ಣಿಗೆ ಅದು ಟೈಪಿಂಗ್ ತಪ್ಪು ಅನ್ನಿಸುತ್ತದೆ, ಅವರಿಗೆ ಅದೇ ಸರಿ. ಆ ಜಾಗ ಸಾಮಾನ್ಯ ಸ್ಪೇಸ್ ಆದರೆ ಸಾಲು ಮುರಿಯುವಾಗ ಕೋಲನ್ ಒಂಟಿಯಾಗಿ ಮುಂದಿನ ಸಾಲಿಗೆ ಹೋಗಿ ಕೂರುತ್ತದೆ. ಅದಕ್ಕೆ ಮುರಿಯದ ಸ್ಪೇಸ್ ಇಡಬೇಕು, ಯು+00ಎ0. ಶೀರ್ಷಿಕೆಯ ಒಳಗೆ ಎಚ್‌ಟಿಎಂಎಲ್ ಟ್ಯಾಗ್ ಏನೂ ನಡೆಯುವುದಿಲ್ಲ, ದಪ್ಪಕ್ಷರ, ಬಣ್ಣ ಯಾವುದೂ ಇಲ್ಲ. ಆದರೆ ಈ ಸ್ಪೇಸ್ ನಡೆಯುತ್ತದೆ. ಸಾಮಾನ್ಯ ಸ್ಪೇಸ್ ನಾಲ್ಕು ಹೊಡೆದರೆ ಬ್ರೌಸರ್ ಒಂದಕ್ಕೆ ಇಳಿಸುತ್ತದೆ, ಮುರಿಯದ ಸ್ಪೇಸನ್ನು ಮುಟ್ಟುವುದಿಲ್ಲ. ಜಪಾನಿಯಲ್ಲಿ ಇದಕ್ಕೆ ಉಲ್ಟಾ. ಅವರ ಪೂರ್ಣ ಅಗಲದ (ಒಂದು ಜಪಾನಿ ಅಕ್ಷರದಷ್ಟೇ ಅಗಲದ) ಚಿಹ್ನೆಗಳ ಒಳಗೇ ಖಾಲಿ ಜಾಗ ಇರುತ್ತದೆ. ಅದರ ಆಚೀಚೆ ನಾವು ಮತ್ತೆ ಸ್ಪೇಸ್ ಹಾಕಿದರೆ ನಡುವೆ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಅಲ್ಲಿ ಪೂರ್ಣ ಅಗಲದ ನೆಟ್ಟಗೆರೆ ಇಟ್ಟೆ, ಸ್ಪೇಸ್ ಇಲ್ಲದೆ.

ಅರಬ್ಬಿಯದ್ದು ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದಿತು. ಬಲದಿಂದ ಎಡಕ್ಕೆ ಓಡುವ ಭಾಷೆ, ನಡುವೆ ರೋಮನ್ ಅಕ್ಷರದ ಬ್ರ್ಯಾಂಡ್ ಹೆಸರು, ಡಬ್ಲ್ಯು320 ಅಂತ ಗ್ರೇಡ್. (ಒಂದು ಪೌಂಡಿಗೆ 300ರಿಂದ 320 ಬಿಳಿ ತಿರುಳು ಬಂದರೆ ಆ ಗ್ರೇಡ್.) ಸುಮ್ನೆ ಪಠ್ಯ ಕೊಟ್ಟರೆ ಅದರಲ್ಲಿ ಮೊದಲು ಸಿಗುವ ಅಕ್ಷರ ಯಾವ ದಿಕ್ಕಿನದ್ದು ಅಂತ ನೋಡಿ ಇಡೀ ಸಾಲಿನ ದಿಕ್ಕು ನಿರ್ಧಾರವಾಗುವುದು ಸಾಮಾನ್ಯ. ಗ್ರೇಡ್ ಹೆಸರಿನಿಂದ ಶುರುವಾದ ಪುಟಗಳಲ್ಲಿ ಭಾಗಗಳು ಅದಲುಬದಲಾಗಿ, ಗೆರೆ ಎಲ್ಲೋ ಹೋಗಿ ನಿಲ್ಲುತ್ತಿತ್ತು. ಅರಬ್ಬಿ ಪದವೇ ಮೊದಲು ಬರುವಂತೆ ಶೀರ್ಷಿಕೆ ಬರೆಸಿದ್ದರಿಂದ ಹೆಚ್ಚಿನವು ಸರಿಯಾದವು. ಹಾಗೆ ಬರೆಯಲು ಆಗದ ಕಡೆ ಮೊದಲಿಗೆ ಕಣ್ಣಿಗೆ ಕಾಣದ ದಿಕ್ಕಿನ ಗುರುತು ಯು+200ಎಫ್ ಇಟ್ಟೆ.

“ಎಂಥದು ಮಾರಾಯ್ರೇ, ಒಂದು ಗೆರೆಗೆ ಇಷ್ಟು ಕೆಲಸವಾ?” ಅಂತ ಕಾರ್ಖಾನೆಯವರು ಕೇಳಿದರು. ಹಿಂದಿ ಟ್ಯಾಬನ್ನು ತೋರಿಸಿದೆ, ಅವರಿಗೂ ಹಿಂದಿ ಓದಲು ಬರುತ್ತದೆ. ಮತ್ತೆ ಕೇಳಲಿಲ್ಲ.

ಇಷ್ಟೆಲ್ಲ ಆದಮೇಲೆ ನಾನು ಹಿಡಿದ ದಾರಿ ಇದು. ಗೆರೆಯನ್ನು ಟೆಂಪ್ಲೇಟ್‌ನಿಂದ ತೆಗೆದು ಅನುವಾದದ ಕಡತಕ್ಕೆ ಹಾಕಿದೆ. ‘ಪುಟದ ಹೆಸರು, ಚಿಹ್ನೆ, ಸೈಟಿನ ಹೆಸರು’ ಇಡೀ ಸಾಲೇ ಅನುವಾದವಾಗುವ ಒಂದು ತುಂಡು. ಸ್ಪೇಸ್ ಕೂಡ ಅದರೊಳಗೇ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಇರುವುದೂ ಹೀಗೆ. ಅದರಿಂದಲೇ ವಿಕಿಪೀಡಿಯದ ಶೀರ್ಷಿಕೆಯಲ್ಲಿ ಇಂಗ್ಲಿಷ್‌ಗೆ ಹೈಫನ್, ಜರ್ಮನ್‌ಗೆ ಎನ್ ಡ್ಯಾಶ್, ಫ್ರೆಂಚ್ ಮತ್ತು ರಷ್ಯನ್‌ಗೆ ಎಮ್ ಡ್ಯಾಶ್ ಕಾಣುತ್ತದೆ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ 4.4ನೇ ಆವೃತ್ತಿಯಿಂದ ಚಿಹ್ನೆ ಬದಲಿಸಲು ಒಂದು ಫಿಲ್ಟರ್ (ನಮ್ಮ ಕೋಡ್ ಸೇರಿಸುವ ಜಾಗ) ಇದೆ, ಅದರೊಳಗೆ ಭಾಷೆ ನೋಡಿ ಬೇರೆ ಬೇರೆ ಚಿಹ್ನೆ ಕೊಡಬಹುದು. ಆದರೆ ಚಿಹ್ನೆಯ ಎರಡೂ ಬದಿಗೆ ಸ್ಪೇಸ್ ಅದೇ ಸೇರಿಸುತ್ತದೆ, ಜಪಾನಿಗೆ ಅದು ಆಗುವುದಿಲ್ಲ.

ಕನ್ನಡದ್ದೇ ಇನ್ನೊಂದು ವಿಷಯ ಹೇಳಲೇಬೇಕು. ‘ಎಕ್ಸ್‌ಪೋರ್ಟ್ಸ್’ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಯು+200ಸಿ. ಅದು ಹೋದರೆ ‘ಪೋ’ದ ‘ಪ’ ಒತ್ತಕ್ಷರವಾಗಿ ಕೆಳಗೆ ಇಳಿಯುತ್ತದೆ. ನಾವು ಬಳಸಿದ ಒಂದು ಪ್ಲಗಿನ್ (ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ) ಶೀರ್ಷಿಕೆಯನ್ನು ‘ಸ್ವಚ್ಛ’ ಮಾಡುವ ನೆಪದಲ್ಲಿ ಇಂಥ ಅಕ್ಷರಗಳನ್ನೆಲ್ಲ ಅಳಿಸುತ್ತಿತ್ತು. ಉದ್ದ ಜಾಸ್ತಿ ಆಯಿತು ಅಂತ ಕತ್ತರಿಸುತ್ತಲೂ ಇತ್ತು, ಅದೂ ತಪ್ಪು ಲೆಕ್ಕದಲ್ಲಿ. ‘ಮಂಗಳೂರು’ ನಮಗೆ ನಾಲ್ಕು ಅಕ್ಷರ. ಸೊನ್ನೆ, ಕೊಂಬುಗಳನ್ನೂ ಬೇರೆಯಾಗಿ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ 7, ಅದನ್ನು ಕಂಪ್ಯೂಟರ್ ಉಳಿಸಿಡುವ ಯುಟಿಎಫ್-8 ಬೈಟ್ ಲೆಕ್ಕದಲ್ಲಿ 21. ಇಂಗ್ಲಿಷ್‌ಗೆ ಮಾಡಿದ ಮಿತಿ ಕನ್ನಡದ ಕುತ್ತಿಗೆಗೆ ಬರುತ್ತದೆ, ‘ಮಂಗಳೂರ’ ಅಂತ ಕೊಂಬು ಉದುರಿ ನಿಲ್ಲುತ್ತದೆ. ಗೂಗಲ್ ಶೀರ್ಷಿಕೆಗೆ ಅಕ್ಷರಗಳ ಮಿತಿ ಇಟ್ಟಿಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸಿ ತೋರಿಸುತ್ತದೆ. ಆ ಪ್ಲಗಿನ್ ತೆಗೆದು ಹಾಕಿದೆ. ಕತ್ತರಿಸಲೇಬೇಕಾದರೆ ಪದಗಳ ನಡುವಿನ ಸ್ಪೇಸ್‌ನಲ್ಲಿ ಮಾತ್ರ ಕತ್ತರಿಸುವ ಹಾಗೆ ನಾನೇ ಬರೆದೆ.

ತುಳು ಪುಟಕ್ಕೆ ತುಳು ಲಿಪಿಯಲ್ಲೇ ಶೀರ್ಷಿಕೆ ಬೇಕು ಅಂತ ಕಾರ್ಖಾನೆಯವರ ಮಗಳಿಗೆ ಆಸೆ ಇತ್ತು, ನನಗೂ ಇತ್ತು. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿದೆ. ಪುಟದ ಒಳಗೆ ನಾವು ಫಾಂಟ್ ಕಳಿಸಿ ಅದನ್ನು ತೋರಿಸಬಹುದು. ಟ್ಯಾಬ್‌ಗೆ ಮಾತ್ರ ನಾವು ಕಳಿಸಿದ ಫಾಂಟ್ ತಾಗುವುದಿಲ್ಲ, ಅಲ್ಲಿ ಓದುವವರ ಫೋನ್ ಅಥವಾ ಕಂಪ್ಯೂಟರಿನಲ್ಲಿ ಇರುವ ಫಾಂಟೇ ಗತಿ. ಅದರಲ್ಲಿ ಈ ಲಿಪಿ ಇಲ್ಲದಿದ್ದರೆ ಬರೀ ಚೌಕಗಳು ಬರುತ್ತವೆ. ಹಾಗಾಗಿ ಪುಟದೊಳಗಿನ ದೊಡ್ಡ ತಲೆಬರಹ ತುಳು ಲಿಪಿಯಲ್ಲಿ, ಟ್ಯಾಬ್‌ನ ಶೀರ್ಷಿಕೆ ಕನ್ನಡ ಲಿಪಿಯಲ್ಲಿ ಅಂತ ಇಟ್ಟಿದ್ದೇವೆ. ಪುಟ ಯಾವ ಭಾಷೆಯದ್ದು ಅಂತ ಬ್ರೌಸರ್‌ಗೆ ಹೇಳುವ ಗುರುತು ಮಾತ್ರ ಕನ್ನಡದ್ದಲ್ಲ, ತುಳುವಿನದ್ದೇ, ‘ಟಿಸಿವೈ’.