ಬೆಲ್ಲದ ಪಾಕದಲ್ಲಿ ನೆನೆದ ಬ್ರೆಡ್: ನಾನು ಕಾಪಿರೊತಾದಾ ಮಾಡುವ ಬಗೆ

ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರ ಬಂತೆಂದರೆ ಇಲ್ಲಿ ಮೆಕ್ಸಿಕೋದ ಗ್ವಾದಲಹಾರಾದ ಮನೆಗಳಲ್ಲಿ ಕಾಪಿರೊತಾದಾ ಎಂಬ ಬ್ರೆಡ್ ಪುಡಿಂಗ್ ಮಾಡುವ ಕಾಲ. ಈಸ್ಟರ್‌ವರೆಗಿನ ಶುಕ್ರವಾರಗಳಂದು ಮಾಂಸ ಮುಟ್ಟದವರಿಗೆ ಇದು ಸಿಹಿಯೂ ಹೌದು, ಹೊಟ್ಟೆ ತುಂಬಿಸುವ ತಿನಿಸೂ ಹೌದು. ಬ್ರೆಡ್ ಪುಡಿಂಗ್ ಎಂದೊಡನೆ ಹಾಲು, ಮೊಟ್ಟೆ, ಕಸ್ಟರ್ಡ್ ನೆನೆಸಿಕೊಳ್ಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಮಾಡುವುದರಲ್ಲಿ ಅವು ಯಾವುವೂ ಇಲ್ಲ. ಹಾಲು ಹಾಕುವ ಬಗೆಯೂ ಈ ಸೀಮೆಯಲ್ಲಿದೆ. ಆದರೆ ಹಾಲು ಬಿದ್ದರೆ ಬೆಲ್ಲದ ಖದರು ಹೋಗುತ್ತದೆ ಎಂಬುದು ನನ್ನ ತಕರಾರು.

ಬ್ರೆಡ್ಡಿಗೆ ಈ ಊರಿನ ಬಿರೋತೆಯೇ ಆಗಬೇಕು. ಹೊರಗೆ ಗಟ್ಟಿ, ಒಳಗೆ ತುಸು ಹುಳಿ, ಉಪ್ಪುಪ್ಪು. ಮೆಕ್ಸಿಕೋದ ಬೇರೆ ಕಡೆ ಬೊಲೀಯೊ ಬಳಸುತ್ತಾರೆ. ಸುಮಾರು 400 ಗ್ರಾಂ ಬ್ರೆಡ್ಡನ್ನು ಬೆರಳಗಲದ ಹೋಳುಗಳಾಗಿ ಕೊಯ್ದು, ತೆಳುಬಟ್ಟೆ ಮುಚ್ಚಿ ರಾತ್ರಿಯಿಡೀ ಒಣಗಲು ಬಿಡುತ್ತೇನೆ. ಬೆಳಿಗ್ಗೆ ಎರಡೂ ಬದಿಗೆ ಬೆಣ್ಣೆ ಸವರಿ ಓವನ್ನಿನಲ್ಲಿ ಕೆಂಪಗೆ ಗರಿಯಾಗಿಸುತ್ತೇನೆ. ಹೋಳಿನ ನಡುವೆ ಒತ್ತಿದರೆ ಬೆರಳು ಇಳಿಯಬಾರದು, ಮುರಿದರೆ ಸದ್ದಾಗಬೇಕು. ಒಳಗೆ ತೇವ ಉಳಿದ ಹೋಳು ಪಾಕ ಬಿದ್ದೊಡನೆ ಮುದ್ದೆಯಾಗುತ್ತದೆ; ಪೂರ್ತಿ ಒಣಗಿದ್ದು ಪಾಕವನ್ನು ಒಳಗೆಳೆದುಕೊಂಡೂ ತನ್ನ ಆಕಾರ ಬಿಡುವುದಿಲ್ಲ.

ಪಾಕಕ್ಕೆ ಪಿಲೋನ್ಸಿಯೊ. ನಮ್ಮ ಅಚ್ಚುಬೆಲ್ಲದ ಸೋದರನೇ, ಶಂಕುವಿನ ಆಕಾರ, ಕಲ್ಲಿನಷ್ಟು ಗಟ್ಟಿ. ಜಜ್ಜುವ ಗೋಜಿಗೆ ಹೋಗದೆ 350 ಗ್ರಾಂನಷ್ಟನ್ನು ಹಾಗೆಯೇ ಒಂದು ಲೀಟರ್ ನೀರಿಗೆ ಹಾಕಿ, ಎರಡು ತುಂಡು ಚಕ್ಕೆ, ಐದು ಲವಂಗ ಸೇರಿಸಿ ಕುದಿಸುತ್ತೇನೆ. ಇಲ್ಲಿಯ ಚಕ್ಕೆ ಸಿಲೋನಿನ ಜಾತಿಯದು: ಸುರುಳಿ ಸುರುಳಿ ಪದರ, ಕೈಯಲ್ಲೇ ಪುಡಿಯಾಗುತ್ತದೆ, ಪರಿಮಳ ಮೆತ್ತಗೆ. ನಮ್ಮ ಕಡೆಯ ದಪ್ಪ ಚಕ್ಕೆಯಾದರೆ ಒಂದೇ ಚೂರು ಸಾಕು. ಪಾಕ ಎಂದರೆ ನಮ್ಮವರ ಕಣ್ಣು ಎಳೆಯನ್ನು ಹುಡುಕುತ್ತದೆ. ಇಲ್ಲಿ ಎಳೆ ಬರಲೇಬಾರದು. ಬೆಲ್ಲ ಕರಗಿ ಇಪ್ಪತ್ತು ನಿಮಿಷ ಕುದಿದು, ಮುಕ್ಕಾಲು ಲೀಟರಿಗೆ ಇಳಿದು, ಸೌಟಿನಿಂದ ನೀರಿನಂತೆಯೇ ಸುರಿಯಬೇಕು. ಗಟ್ಟಿ ಪಾಕ ಬ್ರೆಡ್ಡಿನ ಮೇಲೆಯೇ ಕೂತುಬಿಡುತ್ತದೆ. ಕೆಲವು ಮನೆಗಳಲ್ಲಿ ಇದಕ್ಕೆ ಟೊಮೆಟೊ, ಈರುಳ್ಳಿಯನ್ನೂ ಹಾಕಿ ಕುದಿಸಿ ಶೋಧಿಸುತ್ತಾರೆ. ಕೇಳಿ ಮುಖ ಸಿಂಡರಿಸಬೇಡಿ, ತಿಂದರೆ ಈರುಳ್ಳಿಯ ಗುರುತೇ ಸಿಗದು, ಸಿಹಿಗೆ ಒಂದು ಆಳ ಬರುತ್ತದೆ.

ಲವಂಗ ಹಾಕುವಾಗ ನೆರೆಮನೆಯ ಅಜ್ಜಿ ಜೊತೆಗಿದ್ದರೆ ಕಥೆ ತಪ್ಪುವುದಿಲ್ಲ. ಬ್ರೆಡ್ ಯೇಸುವಿನ ದೇಹ, ಪಾಕ ರಕ್ತ, ಲವಂಗ ಮೊಳೆಗಳು, ಚಕ್ಕೆ ಶಿಲುಬೆಯ ಮರ, ಮೇಲಿನ ಚೀಸ್ ಶವವಸ್ತ್ರ. ಇಷ್ಟನ್ನೂ ಹೇಳುತ್ತಲೇ ಒಣದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಪಾತ್ರೆಯ ತಳಕ್ಕೆ ತೊರ್ತಿಯಾಗಳನ್ನು, ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿಗಳನ್ನು, ಹಾಸಬೇಕು. ಸೀದರೆ ಅವು ಸೀಯಲಿ, ಬ್ರೆಡ್ ಉಳಿಯುತ್ತದೆ. ಮೇಲೆ ಒಂದು ಸಾಲು ಬ್ರೆಡ್, ಹುರಿದ ಕಡಲೆಕಾಯಿ ಬೀಜ, ಒಣದ್ರಾಕ್ಷಿ, ಚೀಸ್, ಎರಡು ಸೌಟು ಬಿಸಿ ಪಾಕ. ಮತ್ತೆ ಅದೇ ಸರದಿ. ಚೀಸ್ ಒಟ್ಟು 200 ಗ್ರಾಂ. ಕರಗುವುದಕ್ಕೆ ನಮ್ಮ ಈ ಹಾಲಿಸ್ಕೋ ರಾಜ್ಯದ ಅಡೋಬೆರಾ ಚೀಸ್, ಉಪ್ಪಿಗೆ ಒಂದು ಹಿಡಿ ಕೋತಿಹಾ ಚೀಸ್. ಸಿಹಿಗೆ ಚೀಸ್ ಏಕೆ ಎಂದು ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಉಪ್ಪಿಲ್ಲದೆ ಇದು ಬರೀ ಬೆಲ್ಲದ ನೀರಿನ ಬ್ರೆಡ್. ಎರಡನೆಯ ತುತ್ತಿಗೇ ಸಾಕೆನಿಸುತ್ತದೆ. ಶುದ್ಧ ಸಸ್ಯಾಹಾರಿಗಳು ಚೀಸ್ ಕೊಳ್ಳುವಾಗ ಹಾಲನ್ನು ಗಟ್ಟಿಯಾಗಿಸಲು ಹಾಕುವ ಪ್ರಾಣಿಜನ್ಯ ರೆನೆಟ್ ಇದೆಯೇ ಎಂದು ನೋಡಿಕೊಳ್ಳಬೇಕು.

ಪಾಕವೆಲ್ಲ ಒಮ್ಮೆಗೇ ಸುರಿಯದೆ, ಹತ್ತು ನಿಮಿಷ ಬಿಟ್ಟು ಬಿಟ್ಟು ಹಾಕುತ್ತೇನೆ. "ಇನ್ನೊಂದು ಸೌಟು ಹಾಕು ಮಗಳೇ, ಅದಕ್ಕಿನ್ನೂ ಬಾಯಾರಿಕೆ" ಎನ್ನುತ್ತಾರೆ ಅಜ್ಜಿ. ಪಾತ್ರೆ ವಾಲಿಸಿದಾಗ ಮೂಲೆಯಲ್ಲಿ ತುಸುವೇ ಪಾಕ ಕಂಡರೆ ಅಳತೆ ಸರಿ. ಆಮೇಲೆ ಓವನ್ನಿನಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಚ್ಚಿ ಅರ್ಧ ಗಂಟೆ, ಮುಚ್ಚಳ ತೆಗೆದು ಹತ್ತು ನಿಮಿಷ.

ಬೆಂಗಳೂರಿನಲ್ಲಿ ಮಾಡುವವರು ಪಾವ್, ಬನ್ ಬಿಟ್ಟು, ಸಿಹಿಯಿಲ್ಲದ ಬಗೆಟ್ ತರಲಿ. ಬೆಲ್ಲ ಕಪ್ಪಗಿದ್ದಷ್ಟೂ ಒಳ್ಳೆಯದು. ಬಿಸಿಬಿಸಿಯಾಗಿ ಎಲ್ಲರೂ ತಿನ್ನುತ್ತಾರೆ. ನಾನು ಮಾತ್ರ ನನ್ನ ಪಾಲನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ತಣ್ಣಗೇ ತಿನ್ನುವವಳು.